ಬಾರ್‌ಕೋಡ್: ಬಗೆಗಳು ಮತ್ತು ತಂತ್ರಾಂಶದಲ್ಲಿ ಅವುಗಳ ರಚನೆ

ಅಂಕಿ, ಅಕ್ಷರಗಳನ್ನು ಯಂತ್ರ ಓದುವಂತೆ ಗೆರೆಗಳಾಗಿ ಅಥವಾ ಚೌಕಗಳಾಗಿ ಮುದ್ರಿಸಿದ ಗುರುತು ಬಾರ್‌ಕೋಡ್. ಕಪ್ಪು ಗೆರೆಗಿರುವಷ್ಟೇ ಅರ್ಥ ನಡುವಿನ ಬಿಳಿ ಜಾಗಕ್ಕೂ ಉಂಟು. ಸೋಪಿನ ಪೊಟ್ಟಣದ ಗೆರೆಗಳಲ್ಲಿ ಬೆಲೆ ಅಡಗಿದೆ ಎಂದು ಹಲವರು ತಿಳಿದಿದ್ದಾರೆ. ಅಲ್ಲಿರುವುದು ಬರೀ ಒಂದು ಸಂಖ್ಯೆ. ಹೆಸರು, ಬೆಲೆ ಅಂಗಡಿಯ ಕಂಪ್ಯೂಟರಿನಲ್ಲಿರುತ್ತವೆ.

1948ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ದಿನಸಿ ಅಂಗಡಿಗಳ ಮಾಲೀಕನೊಬ್ಬ, ಬಿಲ್ ಮಾಡುವ ಕೆಲಸ ತಾನಾಗಿಯೇ ನಡೆಯುವ ಉಪಾಯ ಬೇಕೆಂದು ಡ್ರೆಕ್ಸೆಲ್ ಶಿಕ್ಷಣ ಸಂಸ್ಥೆಯ ಡೀನ್ ಬಳಿ ಕೇಳಿಕೊಂಡ. ಆ ಮಾತು ವಿದ್ಯಾರ್ಥಿ ಬರ್ನಾರ್ಡ್ ಸಿಲ್ವರ್‌ನ ಕಿವಿಗೆ ಬಿದ್ದು, ಅವನಿಂದ ಗೆಳೆಯ ಜೋಸೆಫ್ ವುಡ್‌ಲ್ಯಾಂಡ್‌ಗೆ ತಲುಪಿತು. ಮಯಾಮಿಯ ಕಡಲತೀರದಲ್ಲಿ ಕುಳಿತ ವುಡ್‌ಲ್ಯಾಂಡ್ ಮೋರ್ಸ್ ಸಂಕೇತದ ಚುಕ್ಕಿ, ಗೀಟುಗಳನ್ನು ಬೆರಳಿನಿಂದ ಮರಳಿನಲ್ಲಿ ಕೆಳಕ್ಕೆಳೆದ. ಅವು ತೆಳು, ದಪ್ಪ ಗೆರೆಗಳಾದವು. ಇಬ್ಬರಿಗೂ 1952ರಲ್ಲಿ ಪೇಟೆಂಟ್ ಸಿಕ್ಕಿತು. ಓದಲು 500 ವಾಟ್‌ನ ಬಲ್ಬು ಬೇಕಿತ್ತು. ಲೇಸರ್ ಇನ್ನೂ ಹುಟ್ಟಿರಲಿಲ್ಲ.

ಯಾವ ದಿಕ್ಕಿನಿಂದಲೂ ಓದಬಹುದೆಂದು ಅವರು ಒಂದರೊಳಗೊಂದು ವೃತ್ತಗಳ ರೂಪವನ್ನು ಮೆಚ್ಚಿದ್ದರು. ಸೋಲಿಸಿದ್ದು ಮಸಿ. ಮುದ್ರಣ ಯಂತ್ರದಲ್ಲಿ ಕಾಗದ ಓಡುವ ದಿಕ್ಕಿಗೆ ಮಸಿ ಹರಡಿದರೆ ವೃತ್ತ ಕೆಡುತ್ತದೆ. ಅದೇ ದಿಕ್ಕಿಗೆ ನಿಲ್ಲಿಸಿದ ನೇರ ಗೆರೆ ತುಸು ಉದ್ದವಾಗುತ್ತದೆ, ಅಷ್ಟೆ. ಐಬಿಎಂನ ಜಾರ್ಜ್ ಲಾರರ್ ನೇರ ಗೆರೆಯನ್ನೇ ಹಿಡಿದ. 1973ರಲ್ಲಿ ಆಯ್ಕೆಯಾದ ಆ ಮಾದರಿಯೇ ಯುಪಿಸಿ. 1974ರ ಜೂನ್ 26ರಂದು ಓಹಾಯೊದ ಟ್ರಾಯ್ ಪಟ್ಟಣದಲ್ಲಿ 67 ಸೆಂಟಿನ ಚ್ಯೂಯಿಂಗ್ ಗಮ್ ಪೊಟ್ಟಣವೊಂದು ಹೀಗೆ ಮೊದಲು ಬಿಲ್ಲಾಯಿತು.

ಯುರೋಪ್ ಯುಪಿಸಿಗೆ ಒಂದಂಕಿ ಸೇರಿಸಿ ಹದಿಮೂರಂಕಿಯ ಇಎಎನ್-13 ಮಾಡಿಕೊಂಡಿತು. ಭಾರತದ ಸಂಸ್ಥೆ ಕೊಡುವ ಸಂಖ್ಯೆಗಳು 890ರಿಂದ ಶುರುವಾಗುತ್ತವೆ. ಹಾಗೆಂದು 890 ಕಂಡ ಸರಕೆಲ್ಲ ಇಲ್ಲೇ ತಯಾರಾದದ್ದಲ್ಲ. ಸಂಖ್ಯೆ ಇಲ್ಲಿ ಪಡೆದದ್ದು ಎಂದಷ್ಟೇ ಅರ್ಥ. ಪುಸ್ತಕಗಳ ಐಎಸ್‌ಬಿಎನ್ ಕೂಡ 2007ರಿಂದ ಇದೇ ಹದಿಮೂರರ ಸಾಲಿಗೆ ಸೇರಿದೆ.

ಕಾರ್ಖಾನೆಗೆ ಅಕ್ಷರವೂ ಬೇಕಿತ್ತು. 1974ರ ಕೋಡ್ 39ರಲ್ಲಿ ಪ್ರತಿ ಅಕ್ಷರಕ್ಕೆ ಒಂಬತ್ತು ಪಟ್ಟಿ, ಅವುಗಳಲ್ಲಿ ಮೂರು ದಪ್ಪ. ತಂತ್ರಾಂಶಕ್ಕೆ ಸೇರಿಸಲು ಇದರಷ್ಟು ಸುಲಭದ್ದಿಲ್ಲ: ಫಾಂಟ್ ಹಾಕಿ, ಪದದ ಎರಡೂ ತುದಿಗೆ ನಕ್ಷತ್ರ ಚಿಹ್ನೆ ಇಟ್ಟರೆ ಮುಗಿಯಿತು. ಆದರೆ ಜಾಗ ತಿನ್ನುತ್ತದೆ. 1981ರ ಕೋಡ್ 128 ಅಂಕಿಗಳನ್ನು ಜೋಡಿಜೋಡಿಯಾಗಿ ಒತ್ತಿಡುತ್ತದೆ, ತಾಳೆ ನೋಡುವ ಮೌಲ್ಯವನ್ನೂ ಕಡ್ಡಾಯವಾಗಿ ಕೇಳುತ್ತದೆ. ಹಾಗಾಗಿ ಫಾಂಟೊಂದೇ ಸಾಲದು, ಲೆಕ್ಕ ಮಾಡುವ ಕೋಡೂ ಬೇಕು.

ಇಎಎನ್‌ನ ತಾಳೆ ಅಂಕಿಯ ಲೆಕ್ಕ ಸರಳ. 890123456789ರಲ್ಲಿ ಬೆಸ ಸ್ಥಾನಗಳ ಮೊತ್ತ 28. ಸಮ ಸ್ಥಾನಗಳ ಮೊತ್ತ 34, ಅದರ ಮೂರು ಪಟ್ಟು 102. ಒಟ್ಟು 130. ಮುಂದಿನ ಹತ್ತರ ಗುಣಕಕ್ಕೆ ಏನೂ ಕೂಡಿಸಬೇಕಿಲ್ಲ, ಆದ್ದರಿಂದ ಹದಿಮೂರನೆಯ ಅಂಕಿ 0.

ಈ ಗೆರೆಗಳಾವುವೂ ಕನ್ನಡ ಲಿಪಿಗೆಂದು ಹುಟ್ಟಿದವಲ್ಲ. ಆ ದಾರಿ ತೆರೆದದ್ದು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ತಂಡ ರೂಪಿಸಿದ ಕ್ಯೂಆರ್ ಕೋಡ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. 'ಕರ್ನಾಟಕ' ಎಂದರೆ 21 ಬೈಟ್. ಒತ್ತಕ್ಷರ ಹೆಚ್ಚಿದಷ್ಟೂ ಚೌಕ ದಟ್ಟವಾಗುತ್ತದೆ.

ಕೋಡ್ ಬರೆಯುವುದಕ್ಕೆ ಜಿಂಟ್, ಜೀಬ್ರಾ ಕ್ರಾಸಿಂಗ್ (ZXing) ಎಂಬಂಥ ಮುಕ್ತ ತಂತ್ರಾಂಶ ಲೈಬ್ರರಿಗಳಿವೆ. ಎಡವಟ್ಟಾಗುವುದು ಮುದ್ರಣದಲ್ಲಿ. ಲೇಬಲ್ ಪ್ರಿಂಟರುಗಳು ಸಾಮಾನ್ಯವಾಗಿ ಮಿಲಿಮೀಟರಿಗೆ ಎಂಟು ಚುಕ್ಕಿ ಒತ್ತುತ್ತವೆ. ಇಎಎನ್‌ನ ಅತಿ ತೆಳು ಗೆರೆಯ ಪ್ರಮಾಣಿತ ಅಳತೆ 0.33 ಮಿ.ಮೀ., ಅಂದರೆ 2.64 ಚುಕ್ಕಿ. ಅರೆಬರೆ ಚುಕ್ಕಿ ಒತ್ತಲಾಗದು. ಚಿತ್ರವನ್ನು ಎಳೆದು ಹಿಗ್ಗಿಸಿದರೆ ಗೆರೆಗಳ ಅಳತೆಯೇ ತಪ್ಪುತ್ತದೆ. ಎರಡು ಚುಕ್ಕಿ ಕನಿಷ್ಠ ಮಿತಿಯಾದ 0.264 ಮಿ.ಮೀ.ಗಿಂತ ಕಡಿಮೆ, ಹಾಗಾಗಿ ಮೂರೇ ಸರಿ. ಆಗ ಎರಡೂ ಬದಿಯ ಖಾಲಿ ಅಂಚು ಸೇರಿ ಬಾರ್‌ಕೋಡಿಗೆ ಸುಮಾರು 42 ಮಿ.ಮೀ. ಅಗಲ ಬೇಕು. ಲೇಬಲ್ಲಿನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಎಂಟಂಕಿಯ ಇಎಎನ್-8 ಇದೆ. ಅದಕ್ಕೆ ಬೇರೆಯೇ ಸಂಖ್ಯೆ ಪಡೆಯಬೇಕು.