ದುರಸ್ತಿಯ ಬಲದ ಮೇಲೆ ಓಡಿದ ಗಾಡಿ: ಶಿಕಾರಿಪುರ–ಸೊರಬ ಸೀಮೆಯ ಹಳೆಯ ಸರಕು ವ್ಯಾನುಗಳು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಬಯಲುಸೀಮೆಯನ್ನು ಸೇರುವ ಅಂಚಿನಲ್ಲಿವೆ. ಪಶ್ಚಿಮದ ಸೊರಬದಲ್ಲಿ ದಂಡಾವತಿ ಹೊಳೆ, ಚಂದ್ರಗುತ್ತಿಯ ಗುಡ್ಡ, ಅಡಿಕೆ ತೋಟಗಳಿದ್ದರೆ, ಪೂರ್ವದ ಶಿಕಾರಿಪುರದಲ್ಲಿ ಕುಮುದ್ವತಿ ನದಿ, ಅಂಜನಾಪುರ ಜಲಾಶಯ, ಭತ್ತ ಹಾಗೂ ಮೆಕ್ಕೆಜೋಳದ ಹೊಲಗದ್ದೆಗಳಿವೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ವರ್ತಕರ ದೊಡ್ಡ ಪಟ್ಟಣವಾಗಿದ್ದ ಬಳ್ಳಿಗಾವಿ ಈ ಸೀಮೆಯಲ್ಲಿಯೇ ಇದ್ದರೂ, ಆಧುನಿಕ ಸಾರಿಗೆಯ ಮುಖ್ಯ ದಾರಿಗಳು ಈ ಸೀಮೆಯನ್ನು ಬದಿಗಿಟ್ಟೇ ಹಾದುಹೋದವು. ಬೀರೂರಿನಿಂದ ಹೊರಟ ರೈಲುಹಳಿ 1899ರಲ್ಲಿ ಶಿವಮೊಗ್ಗವನ್ನು ಮುಟ್ಟಿ, ಮುಂದೆ ಸಾಗರದ ಮೇಲೆ ತಾಳಗುಪ್ಪದವರೆಗೆ ಬೆಳೆಯಿತು. ಆದರೆ ಶಿಕಾರಿಪುರಕ್ಕಾಗಲಿ ಸೊರಬಕ್ಕಾಗಲಿ ಇಪ್ಪತ್ತನೆಯ ಶತಮಾನವಿಡೀ ರೈಲು ಬರಲಿಲ್ಲ. ಶಿಕಾರಿಪುರದ ಸರಕು ಸುಮಾರು 50 ಕಿ.ಮೀ. ದೂರದ ಶಿವಮೊಗ್ಗಕ್ಕೂ ಸೊರಬದ ಸರಕು ಸುಮಾರು 30 ಕಿ.ಮೀ. ದೂರದ ಸಾಗರಕ್ಕೂ ರಸ್ತೆಯ ಮೇಲೆಯೇ ಸಾಗಬೇಕಾಯಿತು. ಹೀಗಾಗಿ ಇಲ್ಲಿನ ಸಾಗಾಣಿಕೆಯ ಚರಿತ್ರೆಯನ್ನು ಅರಿಯಬೇಕಾದರೆ ಯಾವ ಗಾಡಿ ಯಾವಾಗ ಬಂತು ಎಂದು ಕೇಳಿದರೆ ಸಾಲದು. ಬಂದ ಗಾಡಿ ಯಾರ ಕೈಯಲ್ಲಿ, ಯಾವ ಖರ್ಚಿನಲ್ಲಿ ದುರಸ್ತಿಯಾಗಿ ಎಷ್ಟು ಕಾಲ ಓಡಿತು ಎಂಬುದನ್ನೂ ಕೇಳಬೇಕು.

ಎತ್ತಿನ ಗಾಡಿಯ ಕಾಲದಲ್ಲಿ ಈ ಪ್ರಶ್ನೆಗೆ ಊರಿನೊಳಗೇ ಉತ್ತರವಿತ್ತು. ಮರದ ಕೆಲಸವನ್ನು ಬಡಗಿಯೂ ಕಬ್ಬಿಣದ ಕೆಲಸವನ್ನು ಕಮ್ಮಾರನೂ ನೋಡಿಕೊಳ್ಳುತ್ತಿದ್ದರು. ಅವರಿಗೆ ಸಲ್ಲುತ್ತಿದ್ದುದು ಆಯ, ಅಂದರೆ ಸುಗ್ಗಿಯಲ್ಲಿ ಕಣದಿಂದಲೇ ಅಳೆದುಕೊಡುವ ಕಾಳಿನ ಪಾಲು. ವರ್ಷದ ನಡುವೆ ಅಚ್ಚು ಮುರಿದರೂ ಚಕ್ರದ ಪಟ್ಟಿ ಸಡಿಲಾದರೂ ಆ ಕೂಡಲೇ ಹಣ ಹೊಂದಿಸಬೇಕಾದ ಒತ್ತಡ ರೈತನಿಗೆ ಇರಲಿಲ್ಲ. ದುರಸ್ತಿಯ ವೆಚ್ಚ ಇಡೀ ವರ್ಷಕ್ಕೆ ಹಂಚಿಹೋಗುತ್ತಿತ್ತು ಮತ್ತು ಬೆಳೆ ಕೈಗೆ ಬಂದಾಗಲೇ ತೀರುತ್ತಿತ್ತು. ಮೋಟಾರು ವಾಹನ ಬಂದಾಗ ಬದಲಾದದ್ದು ಎಳೆಯುವ ಶಕ್ತಿ ಮಾತ್ರವಲ್ಲ, ಈ ಲೆಕ್ಕದ ಕ್ರಮವೂ ಬದಲಾಯಿತು. ಗ್ಯಾರೇಜಿನ ಕೆಲಸಕ್ಕೆ ನಗದು ಬೇಕಾಯಿತು, ಬಿಡಿಭಾಗಕ್ಕೆ ಪೇಟೆಗೆ ಹೋಗಬೇಕಾಯಿತು, ಗಾಡಿ ಕೆಡುವ ಕಾಲಕ್ಕೂ ರೈತನ ಕೈಯಲ್ಲಿ ಹಣವಿರುವ ಕಾಲಕ್ಕೂ ಇದ್ದ ನಂಟು ಕಡಿಯಿತು. ಕಮ್ಮಾರನ ವಿದ್ಯೆ ಮಾತ್ರ ಪೂರ್ತಿ ಅಳಿಯಲಿಲ್ಲ. ಪಟ್ಟಿಯನ್ನು ಕಾಯಿಸಿ ಹಿಗ್ಗಿಸಿ, ಮರದ ಚಕ್ರಕ್ಕೆ ತೊಡಿಸಿ, ನೀರೆರೆದು ಬಿಗಿಗೊಳಿಸುವ ತತ್ತ್ವವೇ ಇಂದು ಎಂಜಿನ್ನಿನ ಫ್ಲೈವೀಲಿಗೆ ಸ್ಟಾರ್ಟರಿನ ಹಲ್ಲುಬಳೆಯನ್ನು ಕಾಯಿಸಿ ಕೂರಿಸುವಲ್ಲಿ ಮುಂದುವರಿದಿದೆ.

ಹಾಗೆ ಬಂದ ಮೋಟಾರು ಗಾಡಿಗಳ ವಿಷಯಕ್ಕೆ ಬಂದರೆ, ಪುಣೆಯ ಬಜಾಜ್ ಟೆಂಪೊ ಕಂಪನಿಯು ಜರ್ಮನಿಯ ಟೆಂಪೊ ಸಂಸ್ಥೆಯ ಸಹಯೋಗದಲ್ಲಿ 1958ರಲ್ಲಿ ಮೂರು ಚಕ್ರದ ಸರಕುಗಾಡಿಯನ್ನು ತಯಾರಿಸತೊಡಗಿತು. ಮುಂದೆ ಅದೇ ಕಂಪನಿ ಹೊರತಂದ ಮ್ಯಾಟಡೋರ್ ಎಷ್ಟು ಬಳಕೆಗೆ ಬಂತೆಂದರೆ, ಕರ್ನಾಟಕದ ಅನೇಕ ಕಡೆ ಯಾವುದೇ ಡೀಸೆಲ್ ವ್ಯಾನಿಗೂ ಆ ಹೆಸರೇ ನಿಂತಿತು. ಮುಂದಿನ ಚಕ್ರಗಳೇ ಎಳೆಯುವ ಈ ಗಾಡಿಯಲ್ಲಿ ಹಿಂದಕ್ಕೆ ಹಾಯುವ ಪ್ರೊಪೆಲ್ಲರ್ ಶಾಫ್ಟ್ ಇರಲಿಲ್ಲವಾದ್ದರಿಂದ ನೆಲ ತಗ್ಗಾಗಿದ್ದು ಮೂಟೆ ಏರಿಸುವುದು ಸುಲಭವಾಗಿತ್ತು. ಆದರೆ ಹಿಂಬದಿಗೆ ಭಾರ ಹೆಚ್ಚಾದಾಗ ಮುಂದಿನ ಚಕ್ರಗಳ ಹಿಡಿತ ಸಡಿಲವಾಗಿ, ಮಳೆಗಾಲದ ಏರುದಾರಿಯಲ್ಲಿ ಅವು ನಿಂತಲ್ಲೇ ತಿರುಗುವ ತೊಂದರೆಯೂ ಅದೇ ರಚನೆಯಿಂದ ಹುಟ್ಟುತ್ತಿತ್ತು. 1980ರ ದಶಕದ ನಡುವೆ ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸ್ಸಾನ್ ಎಂಬ ನಾಲ್ಕು ಜಪಾನೀ ಸಹಯೋಗದ ಗಾಡಿಗಳೂ 1986ರಲ್ಲಿ ಟಾಟಾ 407 ಕೂಡ ಬಂದವು. 2005ರಲ್ಲಿ ಬಂದ ಟಾಟಾ ಏಸ್ 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನಿನೊಡನೆ ಮುಕ್ಕಾಲು ಟನ್ ಹೊರುವ ಚಿಕ್ಕ ಗಾಡಿಯಾಗಿದ್ದು, ಲಾರಿ ತಿರುಗಲಾರದ ತೋಟದ ದಾರಿಯನ್ನೂ ಹೊಕ್ಕಿತು.

ಇಂಥ ಗಾಡಿಗಳು ಕೈ ಬದಲಾಯಿಸುತ್ತ ಹೋದಂತೆ, ಕೊಳ್ಳುವವನ ಪಾಲಿಗೆ ನೆಲದ ಗುಣವೂ ಸರಕಿನ ಗುಣವೂ ಗಾಡಿಯ ದೋಷಗಳಾಗಿ ಎದುರಾಗುತ್ತಿದ್ದವು. ಮಳೆ ಹೆಚ್ಚಿರುವ ಸೊರಬದ ಕಡೆ ಮೊದಲ ಶತ್ರು ತುಕ್ಕು. ಹಸಿಮಣ್ಣು ಮೆತ್ತಿಕೊಂಡ ಶುಂಠಿ, ಗೊಬ್ಬರ, ಹಸಿ ಅಡಿಕೆಗಳ ತೇವ ನೆಲಹಾಸಿನ ತಗಡಿನ ಸಂದುಗಳಲ್ಲಿ ನಿಂತು ಒಳಗೊಳಗೇ ಕಬ್ಬಿಣವನ್ನು ತಿನ್ನುತ್ತದೆ. ಪೊಟ್ಯಾಷ್ ಗೊಬ್ಬರ ಕ್ಲೋರೈಡ್ ಲವಣವಾದ್ದರಿಂದ ಅದರ ಚೆಲ್ಲಿದ ಪುಡಿ ಈ ಕೆಲಸವನ್ನು ಇನ್ನೂ ಬೇಗ ಮಾಡುತ್ತದೆ. ಮೇಲೆ ಹೊಸ ಬಣ್ಣ ಹೊಡೆದ ಹಳೆಯ ಗಾಡಿಯನ್ನು ಅಡಿಯಿಂದ ಬಡಿದು ನೋಡದೆ ಕೊಳ್ಳಬಾರದೆಂಬ ಎಚ್ಚರ ಹುಟ್ಟಿದ್ದು ಈ ತುಕ್ಕಿನಿಂದಲೇ. ಹಳ್ಳ ದಾಟುವ, ಗದ್ದೆಯ ಅಂಚಿಗೆ ಇಳಿಯುವ ಗಾಡಿಗಳಲ್ಲಿ ಚಕ್ರದ ಬೇರಿಂಗಿನ ಗ್ರೀಸು ತೊಳೆದುಹೋಗುತ್ತದೆ ಮತ್ತು ಕೆಸರು ಬ್ರೇಕ್ ಡ್ರಮ್ಮಿನೊಳಗೆ ಸೇರಿ ಅದರ ಮೈಯಲ್ಲಿ ಗೀರುಗಳನ್ನು ಮೂಡಿಸುತ್ತದೆ. ಆಗ ಲೈನಿಂಗ್ ಬದಲಾಯಿಸಿದರೆ ಸಾಲದೆ, ಡ್ರಮ್ಮನ್ನು ಲೇತಿಗೆ, ಅಂದರೆ ತಿರುಗಿಸಿ ಕಡೆಯುವ ಯಂತ್ರಕ್ಕೆ, ಹಾಕಿ ಸಮಮಾಡಿಸಬೇಕಾಗುತ್ತದೆ.

ಶಿಕಾರಿಪುರದ ಕಡೆ ಹೆಚ್ಚು ಕಾಡಿದ್ದು ಮಿತಿಮೀರಿದ ಭಾರ. ಮೆಕ್ಕೆಜೋಳ, ಭತ್ತದ ಸುಗ್ಗಿಯಲ್ಲಿ ಒಂದೇ ಬಾಡಿಗೆಗೆ ಹೆಚ್ಚು ಚೀಲ ಹೇರುವ ಆಸೆ ಸಹಜವಾಗಿತ್ತು. ಅದರ ಬೆಲೆಯನ್ನು ಮೊದಲು ತೆತ್ತದ್ದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಪ್ಲೇಟು ಮುರಿಯುವುದನ್ನು ತಡೆಯಲು ಹೆಚ್ಚುವರಿ ಪ್ಲೇಟು ಸೇರಿಸುವ ರೂಢಿ ಬೆಳೆಯಿತಾದರೂ, ಅದು ಕುಲುಕಾಟವನ್ನು ನುಂಗದೆ ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ದಾಟಿಸುವುದರಿಂದ ಸಣ್ಣ ಖರ್ಚನ್ನು ಉಳಿಸಿ ದೊಡ್ಡ ಖರ್ಚನ್ನು ತರುತ್ತಿತ್ತು. ಭಾರ ಹೊತ್ತು ಏರಿನಲ್ಲಿ ಮತ್ತೆ ಮತ್ತೆ ಹೊರಡುವ ಗಾಡಿಯಲ್ಲಿ ಕ್ಲಚ್ ಪ್ಲೇಟು ಸವೆಯುತ್ತದೆ. ಅದನ್ನು ತೆಗೆಯಲು ಗೇರ್‌ಬಾಕ್ಸನ್ನೇ ಇಳಿಸಬೇಕಾದ್ದರಿಂದ ಇಲ್ಲಿ ಸಾಮಾನಿನಷ್ಟೇ ಕೂಲಿಯೂ ತೂಗುತ್ತದೆ. ಪ್ರೆಷರ್ ಪ್ಲೇಟು, ಬೇರಿಂಗುಗಳನ್ನೂ ಒಟ್ಟಿಗೇ ಬದಲಾಯಿಸುವ ಪದ್ಧತಿ ಎರಡನೆಯ ಸಲದ ಕೂಲಿಯನ್ನು ತಪ್ಪಿಸಲೆಂದೇ ಬಂದದ್ದು.

ಎಲ್ಲಕ್ಕಿಂತ ದೊಡ್ಡ ವೆಚ್ಚ ಎಂಜಿನ್ನಿನದು. ಪಿಸ್ಟನ್ನಿನ ರಿಂಗುಗಳು ಸವೆದಾಗ ದಹನದ ಅನಿಲ ಕೆಳಗಿನ ಆಯಿಲ್ ಕೋಣೆಗೆ ನುಗ್ಗುತ್ತದೆ. ಚಾಲೂ ಇರುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿದರೆ ಅದನ್ನು ಮೆಕ್ಯಾನಿಕ್‌ಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ, ಮತ್ತು ಹಳೆಯ ಗಾಡಿಯ ಬೆಲೆ ಇಳಿಯುವುದು ಅಲ್ಲಿಯೇ. ಹೆಡ್ ಬಿಚ್ಚಿ ರಿಂಗು, ಬೇರಿಂಗು ಬದಲಾಯಿಸಿ ವಾಲ್ವ್ ಉಜ್ಜುವ ಕೆಲಸ ‘ಹಾಫ್ ಎಂಜಿನ್’. ಎಂಜಿನ್ನನ್ನು ಇಳಿಸಿ, ಸಿಲಿಂಡರನ್ನು ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿ, ಕ್ರ್ಯಾಂಕ್ ಶಾಫ್ಟನ್ನು ಅರೆದು ಸಮಮಾಡಿಸುವುದು ‘ಫುಲ್ ಎಂಜಿನ್’. ಬೋರಿಂಗ್, ಕ್ರ್ಯಾಂಕ್ ಅರೆತ, ಡೀಸೆಲ್ ಪಂಪಿನ ಅಳತೆ ಹೊಂದಾಣಿಕೆಗಳಿಗೆ ವಿಶೇಷ ಯಂತ್ರಗಳು ಬೇಕಾದ್ದರಿಂದ ಇಂಥ ಕೆಲಸ ತಾಲ್ಲೂಕಿನ ಗಡಿ ದಾಟಿ ದೊಡ್ಡ ಪೇಟೆಗೆ ಹೋಗಬೇಕಾಗುತ್ತಿತ್ತು.

ಹೀಗೆ ನೋಡಿದರೆ ದುರಸ್ತಿಯ ನಿಜವಾದ ವೆಚ್ಚದಲ್ಲಿ ನಾಲ್ಕು ಪಾಲುಗಳಿವೆ: ಸಾಮಾನು, ಕೂಲಿ, ಲೇತಿನಂಥ ಹೊರಗಿನ ಕೆಲಸ, ಮತ್ತು ಗಾಡಿ ನಿಂತ ದಿನಗಳಲ್ಲಿ ಕೈತಪ್ಪಿದ ಬಾಡಿಗೆ. ಮೊದಲನೆಯದನ್ನು ತಗ್ಗಿಸಲು ಕಂಪನಿಯ ಅಸಲಿ ಸಾಮಾನಿಗೆ ಬದಲಾಗಿ ಲೋಕಲ್ ಸಾಮಾನು, ಅದೂ ಕೈಗೆಟುಕದಾಗ ಗುಜರಿಗೆ ಹೋದ ಗಾಡಿಯಿಂದ ತೆಗೆದ ಹಳೆಯ ಭಾಗ ಎಂಬ ಮೆಟ್ಟಿಲುಗಳು ಬೆಳೆದವು. ಆದರೆ ಅಗ್ಗದ ಭಾಗ ಬೇಗ ಸವೆದರೆ ಕೂಲಿಯನ್ನು ಎರಡು ಸಲ ತೆರಬೇಕಾಗುತ್ತದೆ. ನಾಲ್ಕನೆಯದು ಯಾವ ರಸೀದಿಯಲ್ಲೂ ಕಾಣುವುದಿಲ್ಲ. ಸುಗ್ಗಿಯ ಹೊತ್ತಿನಲ್ಲಿ ನಿಂತ ಗಾಡಿ ಸಾಲದ ಕಂತನ್ನು ನಿಲ್ಲಿಸುವುದಿಲ್ಲ, ಕಟಾವಾದ ಬೆಳೆಯೂ ಕಾಯುವುದಿಲ್ಲ. ಆದ್ದರಿಂದ ಶಿರಾಳಕೊಪ್ಪ, ಆನವಟ್ಟಿಗಳಂಥ ಈ ಸೀಮೆಯ ಸಂತೆಪೇಟೆಗಳಲ್ಲಿ ಹತ್ತಿರವೇ ಸಿಗುವ ಮೆಕ್ಯಾನಿಕ್‌ನ ಬೆಲೆ ಅವನ ಕೂಲಿಗಿಂತ ಯಾವಾಗಲೂ ಹೆಚ್ಚು.

ಕಾನೂನೂ ಈ ಲೆಕ್ಕದೊಳಗೆ ಬಂತು. 1989ರ ಜುಲೈ 1ರಂದು ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯಡಿ ಸರಕು ವಾಹನಕ್ಕೆ ಎಫ್‌ಸಿ, ಅಂದರೆ ರಸ್ತೆಗಿಳಿಯಲು ಯೋಗ್ಯವೆಂಬ ಪ್ರಮಾಣಪತ್ರ ಬೇಕು. ವಯಸ್ಸಾದ ಗಾಡಿಗೆ ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಬ್ರೇಕು, ದೀಪ, ಹೊಗೆ, ತಗಡುಗಳನ್ನು ಸರಿಪಡಿಸುವ ಎಫ್‌ಸಿ ಕೆಲಸ ಗ್ಯಾರೇಜುಗಳಿಗೆ ನಿಯಮಿತ ದುಡಿಮೆಯಾಯಿತು. ಆಯದ ಕಾಲದ ವಾರ್ಷಿಕ ಲೆಕ್ಕ ಹೀಗೆ ಬೇರೆ ರೂಪದಲ್ಲಿ, ಮಾಲೀಕನಿಗೆ ಹೆಚ್ಚು ಭಾರವಾಗಿ, ಮರಳಿತು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮ 15 ವರ್ಷ ಮೀರಿದ ವಾಹನಗಳ ಎಫ್‌ಸಿ ಶುಲ್ಕವನ್ನು ಹಲವು ಪಟ್ಟು ಏರಿಸಿತು. 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಭಾರತ್ ಸ್ಟೇಜ್ 6 ಹೊಗೆ ಮಾನದಂಡ ಗಾಳಿಗೆ ಒಳ್ಳೆಯದನ್ನೇ ಮಾಡಿದೆ. ಆದರೆ ಅದರೊಡನೆ ಬಂದ ಸೆನ್ಸರ್ ಮತ್ತು ನಿಯಂತ್ರಕ ಪೆಟ್ಟಿಗೆಗಳ ದೋಷವನ್ನು ಓದಲು ಸ್ಕ್ಯಾನರ್ ಬೇಕು, ಕಿವಿಯಿಂದ ಎಂಜಿನ್ನಿನ ಸದ್ದು ಗುರುತಿಸುವ ಅನುಭವ ಒಂದೇ ಸಾಲದು.

ಈಗ ಹೊಸದಾಗಿ ಮಾರಾಟವಾಗುತ್ತಿರುವ ಗಾಡಿಗಳೇ ಇನ್ನು ಕೆಲವು ವರ್ಷಗಳಲ್ಲಿ ಈ ತಾಲ್ಲೂಕುಗಳ ಸಣ್ಣ ಹಿಡುವಳಿದಾರನ ಸೆಕೆಂಡ್ ಹ್ಯಾಂಡ್ ಗಾಡಿಗಳಾಗುತ್ತವೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯು ದುರಸ್ತಿಯ ಹಕ್ಕಿಗಾಗಿ, ಅಂದರೆ ಕೊಂಡ ವಸ್ತುವನ್ನು ತನಗೆ ಬೇಕಾದ ಕಡೆ ದುರಸ್ತಿ ಮಾಡಿಸುವ ಹಕ್ಕಿಗಾಗಿ, ತೆರೆದ ಜಾಲತಾಣದಲ್ಲಿ ಮೋಟಾರು ವಾಹನಗಳನ್ನೂ ಸೇರಿಸಿರುವುದು ಸರಿಯಾದ ಹೆಜ್ಜೆ. ಆ ಹಕ್ಕು ಕಾಗದದಿಂದ ಗ್ಯಾರೇಜಿಗೆ ಇಳಿಯಬೇಕಾದರೆ ದುರಸ್ತಿಯ ಕೈಪಿಡಿಗಳು ಕನ್ನಡದಲ್ಲಿ ದೊರೆಯಬೇಕು, ಐಟಿಐಗಳು ದುಡಿಯುತ್ತಿರುವ ಮೆಕ್ಯಾನಿಕ್‌ಗಳಿಗೂ ತರಬೇತಿ ನೀಡಬೇಕು, ಸ್ಕ್ಯಾನರ್ ಕೊಳ್ಳಲು ಸಹಕಾರ ಸಂಘಗಳು ಸಾಲ ಕೊಡಬೇಕು. ರೈಲಿಲ್ಲದ ಸೀಮೆಯೊಂದು ತನ್ನ ಬೆಳೆಯನ್ನು ಮಾರುಕಟ್ಟೆಗೆ ಮುಟ್ಟಿಸಿದ್ದು ಈ ಕುಶಲಕರ್ಮಿಗಳ ಶ್ರಮದಿಂದ. ಕೃಷಿಯ ಚರಿತ್ರೆಯಲ್ಲಿ ನೇಗಿಲಿಗೂ ಕೆರೆಗೂ ಸಂದಿರುವ ಗೌರವದಲ್ಲಿ ಅವರಿಗೂ ಪಾಲಿದೆ.