ತುಂಬುವ ಮೊದಲೇ ಅವಸರಪಡಿಸುವ ಮೂತ್ರಚೀಲ

ಲಕ್ಷಣ

ಬೀಗಕ್ಕೆ ಕೀಲಿ ಹಾಕುವಷ್ಟರಲ್ಲಿ, ನಲ್ಲಿಯ ಸದ್ದು ಕೇಳಿದೊಡನೆ, ಇನ್ನು ತಡೆಯಲಾಗದು ಎನ್ನುವಂತೆ ಮೂತ್ರಕ್ಕೆ ಅವಸರವಾಗುವುದು ಅತಿಕ್ರಿಯಾಶೀಲ ಮೂತ್ರಚೀಲದ ಮುಖ್ಯ ಗುರುತು. ಹಗಲಲ್ಲಿ ಪದೇ ಪದೇ ಹೋಗುವುದು, ರಾತ್ರಿ ನಿದ್ದೆಗೆಟ್ಟು ಏಳುವುದು ಸಾಮಾನ್ಯವಾಗಿ ಜೊತೆಗಿರುತ್ತವೆ. ಕೆಲವರಿಗೆ ಬಚ್ಚಲು ಮುಟ್ಟುವ ಮೊದಲೇ ಸೋರುತ್ತದೆ. ಕೆಮ್ಮಿದಾಗ, ಸೀನಿದಾಗ ಸೋರುವುದು ಬೇರೆ ತೊಂದರೆ. ಎರಡೂ ಒಬ್ಬರಲ್ಲೇ ಇರುವುದುಂಟು.

ಮೂತ್ರಚೀಲ ಸುಮಾರು 300ರಿಂದ 500 ಮಿ.ಲೀ. ಹಿಡಿಯುತ್ತದೆ. ತುಂಬುವವರೆಗೂ ಸಡಿಲವಾಗಿರಬೇಕಾದ ಅದರ ಗೋಡೆಯ ಡಿಟ್ರೂಸರ್ ಸ್ನಾಯು ಇಲ್ಲಿ ಅನೇಕ ವೇಳೆ ನಡುವೆಯೇ ಹಿಂಡತೊಡಗುತ್ತದೆ.

ಮೊದಲ ಭೇಟಿ

ಇದನ್ನು ಉರಿಮೂತ್ರವೆಂದೇ ತಿಳಿದು ಆಂಟಿಬಯೋಟಿಕ್ ನುಂಗುತ್ತ ಹೋಗುವವರಿದ್ದಾರೆ. ಸೋಂಕಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ. ಮೂತ್ರ ಪರೀಕ್ಷೆಯಲ್ಲಿ ಸೋಂಕು, ರಕ್ತ, ಸಕ್ಕರೆ ಇವೆಯೇ ಎಂದು ನೋಡಬೇಕು. ಅಗತ್ಯವಿದ್ದರೆ ರಕ್ತದ ಸಕ್ಕರೆಯನ್ನೂ. ಬಿ.ಪಿ.ಗೆ ಕೊಟ್ಟ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗುತ್ತಿದ್ದಾರೆಯೇ ಎಂದು ಕೇಳಿದರೆ ಕೆಲವೊಮ್ಮೆ ಅಲ್ಲೇ ಉತ್ತರ ಸಿಗುತ್ತದೆ.

ಎಲ್ಲಕ್ಕಿಂತ ಉಪಯುಕ್ತ ಸಾಧನಕ್ಕೆ ಖರ್ಚೇ ಇಲ್ಲ: ಕನಿಷ್ಠ ಮೂರು ದಿನದ ಲೆಕ್ಕ. ಎಷ್ಟು ಹೊತ್ತಿಗೆ ಏನು ಕುಡಿದೆ, ಎಷ್ಟು ಮೂತ್ರ ಹೋಯಿತು, ಯಾವಾಗ ಸೋರಿತು ಎಂದು ಬರೆದಿಟ್ಟ ಹಾಳೆ ವೈದ್ಯರ ಹತ್ತು ಪ್ರಶ್ನೆ ಉಳಿಸುತ್ತದೆ.

ಅವಸರವನ್ನು ಪಳಗಿಸುವುದು

ಚಿಕಿತ್ಸೆ ಮಾತ್ರೆಯಿಂದಲ್ಲ, ಅಭ್ಯಾಸದಿಂದ ಶುರುವಾಗಬೇಕು. ಗಂಟೆಗೊಮ್ಮೆ ಹೋಗುವವರು ಹತ್ತು ಹದಿನೈದು ನಿಮಿಷ ಮುಂದೂಡಿ ನೋಡಬೇಕು. ಅವಸರವಾದಾಗ ಓಡದೆ, ಕುಳಿತು, ಮೂತ್ರ ತಡೆಯುವ ಸ್ನಾಯುಗಳನ್ನು ನಾಲ್ಕಾರು ಸಲ ಬೇಗ ಬೇಗ ಬಿಗಿಹಿಡಿದು ಬಿಟ್ಟರೆ ಆ ಅಲೆ ಇಳಿಯುತ್ತದೆ. ಅದು ರೂಢಿಯಾದ ಮೇಲೆ ಅಂತರವನ್ನು ಇನ್ನಷ್ಟು ಹಿಗ್ಗಿಸುವುದು. ಕನಿಷ್ಠ ಆರು ವಾರ ಬೇಕು. ಎರಡೇ ವಾರಕ್ಕೆ ಕೈಬಿಡುವವರಿದ್ದಾರೆ. ‘ಹೊರಡುವ ಮುಂಚೆ ಒಂದು ಸಲ ಹೋಗಿಬಿಡೋಣ’ ಎಂಬ ಚಾಳಿಯೂ ಚೀಲಕ್ಕೆ ಸ್ವಲ್ಪದರಲ್ಲೇ ಖಾಲಿಯಾಗುವುದನ್ನು ಕಲಿಸುತ್ತದೆ.

ಕಾಫಿ, ಟೀ ಕಡಿಮೆ ಮಾಡಿದರೆ, ಮೈತೂಕ ಇಳಿಸಿದರೆ, ಮಲಬದ್ಧತೆ ನೀಗಿದರೆ ಹಲವರಿಗೆ ಹಗುರಾಗುತ್ತದೆ. ನೀರನ್ನೇ ಬಿಡುವುದು ಮಾತ್ರ ತಪ್ಪು, ಗಾಢವಾದ ಮೂತ್ರ ಚೀಲವನ್ನು ಕೆರಳಿಸುತ್ತದೆ. ದಾರಿಯಲ್ಲಿ ಶೌಚಾಲಯ ಸಿಗದೆಂದು ಗಂಟಲೊಣಗಿಸಿಕೊಂಡು ಬಸ್ಸು ಹತ್ತುವ ಹೆಂಗಸರಿಗೆ ಇದನ್ನು ಹೇಳುವುದು ಸುಲಭ, ಪಾಲಿಸುವುದು ಕಷ್ಟ.

ಔಷಧ

ಅಭ್ಯಾಸ ಸಾಲದಾದಾಗ ಸಾಲಿಫೆನಾಸಿನ್, ಟಾಲ್ಟೆರೊಡಿನ್‌ನಂಥ ಮಾತ್ರೆಗಳು ಚೀಲದ ಹಿಂಡುವಿಕೆಯನ್ನು ತಗ್ಗಿಸುತ್ತವೆ. ಬಾಯಿ ಒಣಗುವುದು, ಮಲಬದ್ಧತೆ ಇವುಗಳ ಅಡ್ಡಪರಿಣಾಮ. ವಯಸ್ಸಾದವರಲ್ಲಿ ಮರೆವು, ಗೊಂದಲ ಹೆಚ್ಚಬಹುದು. ನಿತ್ರಾಣರಾದ ವೃದ್ಧೆಯರಿಗೆ ಆಕ್ಸಿಬ್ಯುಟಿನಿನ್ ಕೊಡದಿರುವುದೇ ಲೇಸು. ಮಿರಾಬೆಗ್ರಾನ್ ಬೇರೆ ದಾರಿಯಲ್ಲಿ ಸ್ನಾಯುವನ್ನು ಸಡಿಲಿಸುತ್ತದೆ, ಆದರೆ ಬಿ.ಪಿ. ನೋಡುತ್ತಿರಬೇಕು. ಮುಟ್ಟು ನಿಂತವರಲ್ಲಿ ಯೋನಿ ಒಣಗಿದ್ದರೆ ಅಲ್ಲಿಗೇ ಹಚ್ಚುವ ಈಸ್ಟ್ರೊಜೆನ್ ಮುಲಾಮು ನೆರವಾಗುತ್ತದೆ. ಔಷಧ ಆರಂಭಿಸಿದ ನಾಲ್ಕು ವಾರಕ್ಕೆ ಮರುಭೇಟಿ ಬೇಕು.

ತಜ್ಞರ ಬಳಿಗೆ

ಮೂತ್ರದಲ್ಲಿ ರಕ್ತ, ಮರುಕಳಿಸುವ ಸೋಂಕು, ಕಿಬ್ಬೊಟ್ಟೆಯಲ್ಲಿ ಗಡ್ಡೆ, ಮೂತ್ರ ಕಟ್ಟುವುದು, ಕಾಲಿನ ಬಲ ಕುಂದುವುದು ಕಂಡರೆ ಕಾಯಬಾರದು. ಮಾತ್ರೆಗೂ ಬಗ್ಗದ ತೊಂದರೆಗೆ ಮೂತ್ರಚೀಲದ ಗೋಡೆಗೆ ಬೊಟುಲಿನಂ ಚುಚ್ಚುಮದ್ದು ಕೊಡುವುದುಂಟು. ಅದರ ಗುಣ ಕೆಲವು ತಿಂಗಳು ಇರುತ್ತದೆ. ಕೆಲವರಿಗೆ ಅಷ್ಟು ಕಾಲ ನಳಿಕೆ ತೂರಿಸಿ ಮೂತ್ರ ತೆಗೆಯಬೇಕಾಗಿ ಬರಬಹುದಾದ್ದರಿಂದ, ಚುಚ್ಚುವ ಮೊದಲೇ ಅದನ್ನು ಕಲಿಸಿಕೊಡುತ್ತಾರೆ.