ಸ್ಲೀಪರ್ ಬದಲಿಸುವ ಯಂತ್ರ: ಕೂಲಿಯ ಲೆಕ್ಕವೋ, ಮರದ ಆಯುಷ್ಯವೋ?

ಹಳಿಗಳ ಅಡಿಯ ಮರದ ಸ್ಲೀಪರ್ ಬದಲಿಸುವ ಕೆಲಸ ಅಮೆರಿಕದಲ್ಲಿ ಯಂತ್ರದ ಪಾಲಾದದ್ದು ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ. ಅದಕ್ಕೆ ಕಾರಣವೆಂದು ಸಾಮಾನ್ಯವಾಗಿ ಬೊಟ್ಟು ಮಾಡುವುದು ಒಂದು ದಿನಾಂಕದ ಕಡೆಗೆ: 1949ರ ಸೆಪ್ಟೆಂಬರ್ 1. ರೈಲು ಓಡಿಸುವವರನ್ನು ಬಿಟ್ಟು ಉಳಿದ ನೌಕರರಿಗೆ, ಅಂದರೆ ಹಳಿ ನೋಡಿಕೊಳ್ಳುವವರು, ವರ್ಕ್‌ಶಾಪಿನವರು, ಗುಮಾಸ್ತರಿಗೆಲ್ಲ, ಅಂದು 48 ಗಂಟೆಯ ಸಂಬಳಕ್ಕೆ 40 ಗಂಟೆಯ ವಾರ ಜಾರಿಗೆ ಬಂತು. ಗಂಟೆಯ ಕೂಲಿ ಒಂದೇ ದಿನದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಏರಿತು, ಕಂಪನಿಗಳು ಗ್ಯಾಂಗುಗಳನ್ನು ಮನೆಗೆ ಕಳಿಸಿ ಯಂತ್ರ ಕೊಂಡವು ಎಂಬುದು ವಾದ. ದಿನಾಂಕ ಸರಿ, ಲೆಕ್ಕವೂ ಸರಿ. ಆದರೆ ಇವೆರಡರ ಮೇಲೆ ಕಟ್ಟಿದ ತೀರ್ಮಾನದ ಅಡಿಪಾಯ ಅಷ್ಟು ಗಟ್ಟಿಯಾಗಿಲ್ಲ.

ಮೊದಲ ತೊಡಕು ಹೆಸರಿನದು. ಅಮೆರಿಕದವರು ಸ್ಲೀಪರನ್ನು 'ಟೈ' ಎನ್ನುತ್ತಾರೆ. ಆದ್ದರಿಂದ 'ಟೈ ಟ್ಯಾಂಪರ್' ಎಂಬ ಹೆಸರು ಕಂಡ ಕಡೆಯಲ್ಲೆಲ್ಲ ಸ್ಲೀಪರ್ ಬದಲಾವಣೆಯೇ ಯಂತ್ರೀಕರಣಗೊಂಡಿತ್ತೆಂದು ಓದುವ ಅಭ್ಯಾಸ ಬೆಳೆದಿದೆ. ಟ್ಯಾಂಪರ್ ಸ್ಲೀಪರನ್ನು ಬದಲಿಸುವುದಿಲ್ಲ, ಅದರ ಅಡಿಗೆ ಜಲ್ಲಿಯನ್ನು ಒತ್ತಿ ತುಂಬುತ್ತದೆ. ಒತ್ತಿದ ಗಾಳಿಯಿಂದ ಕೆಲಸ ಮಾಡುವ ಟ್ಯಾಂಪರ್‌ಗಳು ಮೊದಲ ಮಹಾಯುದ್ಧದ ಆಸುಪಾಸಿನಲ್ಲೇ ಇದ್ದವು. ಅವುಗಳನ್ನು ಸಾಕ್ಷಿಗೆ ಕರೆದರೆ 1949ರ ವಾದ ಕೆಡುತ್ತದೆಯೇ ಹೊರತು ಬೆಳೆಯುವುದಿಲ್ಲ. ಮಿಲ್ವಾಕಿಯ ನಾರ್ಡ್‌ಬರ್ಗ್ ಕಂಪನಿಯ ಬಾಚಿ ಯಂತ್ರದ ವಿಷಯವೂ ಹಾಗೆಯೇ. ಬಡಗಿ ಬಾಚಿಯಿಂದ ಮರ ಕೆತ್ತುವಂತೆ ಅದು ಹಳಿ ಕೂರುವ ಜಾಗವನ್ನು ಸಮಮಾಡುತ್ತಿತ್ತು. ಅದು ಹಳಿ ಬದಲಿಸುವ ಗ್ಯಾಂಗಿನ ಉಪಕರಣ. ಹಳಿ ಬದಲಾದಾಗ ಅಡಿಯ ಮರ ಅಲ್ಲೇ ಉಳಿಯುತ್ತದೆ ಎಂಬ ಕಾರಣಕ್ಕೇ ಅದನ್ನು ಕೆತ್ತಬೇಕಾಗಿ ಬಂದದ್ದು.

ಹಾಡಿನ ಸಾಕ್ಷ್ಯವೂ ಇದೇ ಬಗೆಯದು. ದಕ್ಷಿಣ ರಾಜ್ಯಗಳ ಕಪ್ಪು ಕೆಲಸಗಾರರು, 'ಗ್ಯಾಂಡಿ ಡ್ಯಾನ್ಸರ್'ಗಳು, ಹಾರೆ ಹಾಕಿ ದನಿಗೂಡಿಸಿ ಹಾಡುತ್ತಿದ್ದುದನ್ನು 1994ರ ಸಾಕ್ಷ್ಯಚಿತ್ರವೊಂದು ಚೆನ್ನಾಗಿ ದಾಖಲಿಸಿದೆ. ಆ ಹಾಡುಗಳ ಲಯ ಮುಖ್ಯವಾಗಿ ಸೇರಿದ್ದು ಸೊಟ್ಟಗಾದ ಹಳಿಯನ್ನು ಎಲ್ಲರೂ ಏಕಕಾಲಕ್ಕೆ ಹಾರೆ ಮೀಟಿ ಸರಿಗೆರೆಗೆ ತರುವ ಕೆಲಸಕ್ಕೆ. ಸ್ಲೀಪರ್ ಬದಲಿಸುವುದು ಇಬ್ಬರು ಮೂವರು ಬಗ್ಗಿ ಏದುಸಿರು ಬಿಡುತ್ತ ಮಾಡುವ ಕೆಲಸ, ಅಲ್ಲಿ ಸಾಮೂಹಿಕ ಹಾಡಿಗೆ ಎಡೆ ಕಡಿಮೆ. ಹಾಡು ನಿಂತದ್ದನ್ನು ಸ್ಲೀಪರ್ ಯಂತ್ರದ ತಲೆಗೆ ಕಟ್ಟುವುದು ಸಲ್ಲದು. (ಗ್ಯಾಂಡಿ ಎಂಬುದು ಷಿಕಾಗೋದ ಉಪಕರಣ ಕಂಪನಿಯೊಂದರ ಹೆಸರೆಂಬ ವ್ಯುತ್ಪತ್ತಿಯನ್ನು ಪುಸ್ತಕದಿಂದ ಪುಸ್ತಕಕ್ಕೆ ಎತ್ತಿಕೊಂಡು ಬರಲಾಗಿದೆ. ಅಂಥ ಕಂಪನಿ ಇದ್ದುದಕ್ಕೆ ದಾಖಲೆ ಸಿಕ್ಕಿಲ್ಲ. ಹುಡುಕಿದವರಿಗಿಂತ ನಕಲು ಮಾಡಿದವರೇ ಹೆಚ್ಚು.)

ಇವನ್ನೆಲ್ಲ ಬದಿಗಿಟ್ಟ ಮೇಲೆ ಉಳಿಯುವುದು ನಿಜವಾದ ಪ್ರಶ್ನೆ: ಬದಲಿಸಬೇಕಾದ ಸ್ಲೀಪರ್‌ಗಳು ಎಷ್ಟಿದ್ದವು, ಎಲ್ಲೆಲ್ಲಿದ್ದವು? 1920ರ ದಶಕದ ಆರಂಭದಲ್ಲಿ ಅಮೆರಿಕದ ದೊಡ್ಡ ರೈಲ್ವೆಗಳು ವರ್ಷಕ್ಕೆ ಸುಮಾರು 8 ಕೋಟಿ ಸ್ಲೀಪರ್ ಬದಲಿಸುತ್ತಿದ್ದವು. 1933ರ ಹೊತ್ತಿಗೆ ಆ ಸಂಖ್ಯೆ 4 ಕೋಟಿಗೂ ಕೆಳಗಿಳಿದಿತ್ತು. 1960ರ ದಶಕ ಕಾಲಿಡುವಾಗ 2 ಕೋಟಿಯೂ ಇರಲಿಲ್ಲ. ಮೂವತ್ತರ ದಶಕದ ಇಳಿತಕ್ಕೆ ಆರ್ಥಿಕ ಮುಗ್ಗಟ್ಟು ಕಾರಣ, ಹಣವಿಲ್ಲದೆ ಕೆಲಸ ಮುಂದೂಡಿದರು ಎಂಬ ಉತ್ತರ ಸಿದ್ಧವಾಗಿದೆ. ಅದರಲ್ಲಿ ಸತ್ಯಾಂಶವಿದೆ. ಆದರೆ ಮುಂದೂಡಿದ ಸಾಲ ಎಂದಾದರೂ ತೀರಬೇಕು. ಹಳಿಗಳು ಹಿಂದೆಂದೂ ಕಾಣದ ಭಾರ ಹೊತ್ತ ಯುದ್ಧದ ವರ್ಷಗಳಲ್ಲೂ ಸಂಖ್ಯೆ ಹಳೆಯ ಮಟ್ಟಕ್ಕೆ ಮರಳಲಿಲ್ಲ. ಅರ್ಧದಷ್ಟು ಕೆಲಸ ಮಾಯವಾದದ್ದು 40 ಗಂಟೆಯ ವಾರಕ್ಕೂ ಮೊದಲು, ಸ್ಲೀಪರ್ ಕೀಳುವ ಯಂತ್ರಗಳು ಬಳಕೆಗೆ ಬರುವುದಕ್ಕೂ ಮೊದಲು.

ಅದನ್ನು ಮಾಯ ಮಾಡಿದ್ದು ಕ್ರಿಯೊಸೋಟ್ ಎಣ್ಣೆ. ಕಲ್ಲಿದ್ದಲ ಡಾಂಬರಿನಿಂದ ಬಟ್ಟಿ ಇಳಿಸುವ ಈ ಕಪ್ಪು ದ್ರವವನ್ನು ಒತ್ತಡ ಕೊಟ್ಟು ಮರದೊಳಗೆ ಇಳಿಸಿದರೆ ಅಣಬೆಗೂ ಗೆದ್ದಲಿಗೂ ಮರ ರುಚಿಸದು. ಮರ ಸಂಸ್ಕರಣೆಯ ಬಗ್ಗೆ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಸಮಿತಿ 1885ರಲ್ಲಿ ವರದಿ ಕೊಟ್ಟಿತು. ಅದರ ಅಧ್ಯಕ್ಷ ಆಕ್ಟೇವ್ ಶನೂಟ್, ಮುಂದೆ ರೈಟ್ ಸಹೋದರರಿಗೆ ಹಿರಿಯ ಸಲಹೆಗಾರನಾಗಿ ಹೆಸರಾದವನು. ಅವನು ಹಾರಾಟದ ಚರಿತ್ರೆಯ ನಾಯಕನಾದ, ಸ್ಲೀಪರ್ ಚರಿತ್ರೆಯಲ್ಲಿ ಅಡಿಟಿಪ್ಪಣಿಯಾದ. ಸಮಿತಿ ವರದಿ ಕೊಟ್ಟ ವರ್ಷವೇ ಸಾಂಟಾ ಫೇ ರೈಲ್ವೆ ನ್ಯೂ ಮೆಕ್ಸಿಕೋದ ಲಾಸ್ ವೇಗಸ್ ಊರಿನಲ್ಲಿ ಸಂಸ್ಕರಣಾ ಘಟಕ ತೆರೆಯಿತು. ಮೊದಲು ಜಿಂಕ್ ಕ್ಲೋರೈಡ್ ನಡೆಯಿತು, ಮಳೆಗೆ ತೊಳೆದುಹೋಗುವುದು ಅದರ ದೋಷ. ಕೊನೆಗೆ ಗೆದ್ದದ್ದು ಕ್ರಿಯೊಸೋಟ್. ಸಂಸ್ಕರಿಸದೆ ಏಳೆಂಟು ವರ್ಷ ಬಾಳುತ್ತಿದ್ದ ಓಕ್ ಮರ ಇಪ್ಪತ್ತೈದು ಮೂವತ್ತು ವರ್ಷ ಬಾಳತೊಡಗಿತು. ಶೆರಿ ಓಲ್ಸನ್ ತಮ್ಮ 1971ರ ಪುಸ್ತಕದಲ್ಲಿ ಕಾಡು ಮುಗಿದುಹೋಗುತ್ತದೆಂಬ ಭಯ ಹೇಗೆ ಹುಸಿಯಾಯಿತೆಂದು ವಿವರಿಸುವಾಗ ಇದನ್ನು ಸ್ಪಷ್ಟವಾಗಿಯೇ ತೋರಿಸಿದ್ದಾರೆ. ಅವರ ಗುರಿ ಕಾಡಿನ ಲೆಕ್ಕ. ಅದೇ ಅಂಕಿಗಳನ್ನು ದುಡಿಮೆಯ ಲೆಕ್ಕಕ್ಕೆ ತಿರುಗಿಸುವ ಕೆಲಸವನ್ನು ಕಾರ್ಮಿಕ ಚರಿತ್ರೆಯವರು ಮಾಡಬೇಕಿತ್ತು.

ಆ ತಿರುವಿಗೆ ಬೇಕಾದ ದಾಖಲೆ ಇದೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನ ಪ್ರಯೋಗಾಲಯಕ್ಕಾಗಿ ಮ್ಯಾಕ್ಲೀನ್ 1957ರಲ್ಲಿ ಬರೆದ, ಸ್ಲೀಪರ್‌ಗಳ ಸರಾಸರಿ ಆಯುಷ್ಯ ಮತ್ತು ಬದಲಾವಣೆಯ ಪ್ರಮಾಣ ಕುರಿತ ವರದಿ ಅದು. ಎಂಜಿನಿಯರುಗಳಿಗೆ ಇದರ ವಕ್ರರೇಖೆ ಕಂಠಪಾಠ. ಒಂದೇ ವರ್ಷ ಹಾಸಿದ ಸ್ಲೀಪರ್‌ಗಳು ಒಂದೇ ವರ್ಷ ಸಾಯುವುದಿಲ್ಲ ಎಂಬುದು ಅದರ ಸಾರ. ಸರಾಸರಿ ಆಯುಷ್ಯದ ಅರ್ಧ ಕಳೆಯುವತನಕ ಕೆಲವೇ ಕೆಲವು ಕೆಡುತ್ತವೆ. ಸರಾಸರಿ ಆಯುಷ್ಯ ತುಂಬಿದಾಗ ಸುಮಾರು ನೂರಕ್ಕೆ ಅರವತ್ತು ಹೋಗಿರುತ್ತವೆ. ಉಳಿದ ನಲವತ್ತು ಇನ್ನೂ ಗಟ್ಟಿಯಾಗಿ ಹಳಿ ಹೊತ್ತಿರುತ್ತವೆ. ಊರಿನಲ್ಲಿ ಒಂದೇ ಸಂವತ್ಸರದಲ್ಲಿ ಹುಟ್ಟಿದವರೆಲ್ಲ ಒಟ್ಟಿಗೆ ಕಣ್ಣುಮುಚ್ಚುವುದಿಲ್ಲವಲ್ಲ, ಹಾಗೆ.

ಇಂಥ ಅಧ್ಯಯನಗಳಿಗೆ ಆಧಾರ ಪರೀಕ್ಷಾ ಹಾದಿಗಳು. ಅಲ್ಲಿ ಸ್ಲೀಪರ್‌ಗೆ ಇಸವಿಯ ಕೊನೆಯ ಎರಡು ಅಂಕಿಗಳಿರುವ ಮೊಳೆ ಹೊಡೆದು, ಕಿತ್ತಾಗ ಲೆಕ್ಕ ಬರೆಯುತ್ತಿದ್ದರು. ಇಸವಿ ಮೊಳೆ ಇಂದು ಸಂಗ್ರಾಹಕರ ಅಚ್ಚುಮೆಚ್ಚು. ಅದನ್ನು ಆಟಿಕೆಯ ಮಟ್ಟದಿಂದ ದಾಖಲೆಯ ಮಟ್ಟಕ್ಕೆ ಎತ್ತಿದ್ದು ಜೆಫ್ ಓಕ್ಸ್ ಅವರ ಶ್ರಮ. ಆದರೆ ಹಳೆಯ ಹಾದಿಯಲ್ಲಿ '24' ಎಂಬ ಮೊಳೆ ಸಿಕ್ಕಿತೆಂದು ಆ ಕಾಲದ ಸ್ಲೀಪರ್‌ಗಳೆಲ್ಲ ದೀರ್ಘಾಯುಷಿಗಳೆಂದು ಬರೆಯುವುದು ಬದುಕಿ ಉಳಿದವರನ್ನಷ್ಟೇ ಕೇಳಿ ಸಾವಿನ ಲೆಕ್ಕ ಹಾಕಿದಂತೆ. ಮುಖ್ಯ ಹಾದಿಯಿಂದ ಕಿತ್ತ ಅರೆಹಳೆಯ ಮರವನ್ನು ಯಾರ್ಡಿನ ಸೈಡಿಂಗಿಗೆ ಹಾಕುವ ಪದ್ಧತಿಯಿತ್ತು. ಮೊಳೆ ಮರದ ಜೊತೆಗೇ ಪ್ರಯಾಣ ಮಾಡುತ್ತದೆ. ಹಾಸಿದ ಸಂಖ್ಯೆ, ಕಿತ್ತ ಸಂಖ್ಯೆ ಎರಡೂ ಇರುವ ಪರೀಕ್ಷಾ ಹಾದಿಯ ಮೊಳೆ ಮಾತ್ರ ಸಾಕ್ಷಿ.

ಮ್ಯಾಕ್ಲೀನ್ ರೇಖೆಯನ್ನು ಹಾದಿಯ ಮೇಲೆ ಇಟ್ಟು ನೋಡಬಹುದು. ಮೈಲಿಗೆ 3,000 ಸ್ಲೀಪರ್ ಎಂದಿಟ್ಟುಕೊಂಡರೆ, ಎಂಟು ವರ್ಷ ಬಾಳುವ ಮರದಲ್ಲಿ ವರ್ಷಕ್ಕೆ ಮೈಲಿಗೆ 375 ಬದಲಿಸಬೇಕು. ಮೂವತ್ತು ವರ್ಷ ಬಾಳಿದರೆ 100 ಸಾಕು. ಮುಕ್ಕಾಲು ಪಾಲು ದುಡಿಮೆ ಯಂತ್ರದ ಹಂಗಿಲ್ಲದೆ ಹೋಯಿತು. ಉಳಿದ ನೂರು ಸುಮಾರು ಐವತ್ತು ಅಡಿಗೊಂದರಂತೆ ಚೆದುರಿ ಬಿದ್ದಿರುತ್ತವೆ. ಅಷ್ಟಕ್ಕೆ ಪ್ರತಿವರ್ಷ ಬಂದು ಹೋಗುವುದು ದಂಡ. ಆರು ವರ್ಷ ಕಾದರೆ ಮೈಲಿಗೆ 600 ಕೂಡುತ್ತವೆ, ಐದಕ್ಕೊಂದು. ದೀರ್ಘಾಯುಷಿ ಮರ ಹೀಗೆ ಕಾಯುವ ಧೈರ್ಯ ಕೊಡುತ್ತದೆ. ಎಂಟು ವರ್ಷದ ಮರದೊಂದಿಗೆ ಆರು ವರ್ಷ ಕಾದವನ ರೈಲು ಹಳಿಯ ಮೇಲೆ ನಿಲ್ಲದು.

ಇಲ್ಲೊಂದು ಆಕ್ಷೇಪ ಏಳುತ್ತದೆ, ತೂಕದ್ದೇ. ಹಳೆಯ ಕಾಲದ 375 ಯಂತ್ರಕ್ಕೆ ಇನ್ನೂ ಒಳ್ಳೆಯ ಮೇವಲ್ಲವೇ? ಸಂಖ್ಯೆ ಮಾತ್ರ ನೋಡಿದರೆ ಹೌದು. ಆದರೆ ಆಗ ಕೆಲವೇ ಮೈಲಿಗೊಂದು ಗ್ಯಾಂಗು ಹೇಗಿದ್ದರೂ ಇತ್ತು. ಹಳಿ ನೋಡುವುದು, ಚರಂಡಿ ಬಿಡಿಸುವುದು, ಕಳೆ ಕೀಳುವುದು, ಜಲ್ಲಿ ತುಂಬುವುದು ಎಲ್ಲ ಅದರದ್ದೇ. ಸ್ಲೀಪರ್ ಬದಲಾವಣೆ ಆ ದಿನಚರಿಯ ಒಂದು ಭಾಗ. ಯಂತ್ರ ತಂದರೂ ಗ್ಯಾಂಗು ಉಳಿಯುತ್ತಿತ್ತು, ಖರ್ಚು ಎರಡಾಗುತ್ತಿತ್ತು. ಅತಿ ದೊಡ್ಡ ಕೆಲಸವನ್ನು ಕ್ರಿಯೊಸೋಟ್ ಕಸಿದುಕೊಂಡ ಮೇಲೆಯೇ ಊರೂರಿನ ಗ್ಯಾಂಗಿನ ಬದಲು ನೂರಾರು ಮೈಲಿ ಸುತ್ತುವ ಒಂದೇ ದೊಡ್ಡ ತಂಡದ ಯೋಚನೆ ಲೆಕ್ಕಕ್ಕೆ ಕೂತದ್ದು. 1949ರ ಕೂಲಿ ಏರಿಕೆ ಆ ಯೋಚನೆಯ ಬೆನ್ನು ತಳ್ಳಿತು. ಅಷ್ಟರಮಟ್ಟಿಗೆ ಹಳೆಯ ವಾದಕ್ಕೆ ಸ್ಥಾನವಿದೆ, ಅದಕ್ಕಿಂತ ಹೆಚ್ಚಿಲ್ಲ.

ಯಂತ್ರದ ಆಕಾರವೂ ಇದನ್ನೇ ಹೇಳುತ್ತದೆ. ಕೈಯಲ್ಲಿ ಮಾಡುವಾಗ ಮೊಳೆ ಕಿತ್ತು, ಸ್ಲೀಪರಿನ ಪಕ್ಕದ ಜಲ್ಲಿ ತೋಡಿ, ಹಳಿಯನ್ನು ಜಾಕಿನಿಂದ ತುಸು ಎತ್ತಿ, ಸುಮಾರು ನೂರು ಕಿಲೋದ ಮರವನ್ನು ಇಕ್ಕಳದಿಂದ ಪಕ್ಕಕ್ಕೆ ಎಳೆಯಬೇಕು. ಹೊಸದನ್ನು ಅದೇ ದಾರಿಯಲ್ಲಿ ಒಳಗೆ ತಳ್ಳಬೇಕು. ಅಮೆರಿಕದ ತಂಡದಲ್ಲಿ ಈ ಒಂದೊಂದು ಚಲನೆಗೂ ಒಂದೊಂದು ಯಂತ್ರವಿದೆ: ಮೊಳೆ ಕೀಳುವುದು, ಸ್ಲೀಪರ್ ಎಳೆಯುವುದು, ಗುಂಡಿ ಕೆರೆಯುವುದು, ಹೊಸದನ್ನು ತುರುಕುವುದು, ಮೊಳೆ ಹೊಡೆಯುವುದು, ಜಲ್ಲಿ ಒತ್ತುವುದು. ಮುಂಚೆಯೇ ಒಬ್ಬ ತಪಾಸಿಗ ನಡೆದು ಹೋಗಿ ಕೆಟ್ಟ ಮರಗಳ ಮೇಲೆ ಬಣ್ಣದ ಗುರುತು ಹಾಕಿರುತ್ತಾನೆ. ಸಾಲುಗಟ್ಟಿದ ಯಂತ್ರಗಳು ಆ ಬಣ್ಣ ಕಂಡಲ್ಲಿ ನಿಂತು, ಇಲ್ಲದಲ್ಲಿ ಮುಂದೆ ಜಾರುತ್ತವೆ. ನಡುವೆ ಕೆಲವು ರೈಲ್ವೆಗಳು ಸ್ಲೀಪರನ್ನು ಹಳಿಯ ಒಳಬದಿಯಲ್ಲಿ ಕತ್ತರಿಸಿ ಮೂರು ತುಂಡಾಗಿ ತೆಗೆಯುವ ಯಂತ್ರಗಳನ್ನೂ ಬಳಸಿದವು. ತೋಡುವ ಶ್ರಮ ಉಳಿಯುತ್ತಿತ್ತು, ಮರ ಮಾತ್ರ ಮರುಬಳಕೆಗೆ ಬಾರದಾಗುತ್ತಿತ್ತು. ಇವೆಲ್ಲ ಒಂದೊಂದೇ ಹಲ್ಲು ಕೀಳುವ ಯಂತ್ರಗಳು. ಪಕ್ಕದ ಹಲ್ಲು ಗಟ್ಟಿಯಿದೆ ಎಂಬ ನಂಬಿಕೆ, ಅಂದರೆ ಮ್ಯಾಕ್ಲೀನ್ ರೇಖೆ, ಅವುಗಳ ಉಕ್ಕಿನಲ್ಲೇ ಎರಕಗೊಂಡಿದೆ.

ಇಡೀ ದಂತಪಂಕ್ತಿಯನ್ನೇ ಬದಲಿಸುವ ಯಂತ್ರ ಬೇರೆ ವಂಶದ್ದು, ಅದರ ಹಿಂದಿರುವುದು ಕಾಂಕ್ರೀಟ್. ಸ್ವಿಸ್ ಕಂಪನಿ ಮಟಿಸಾದ ಪಿ811 ವಿನ್ಯಾಸವನ್ನು ಕ್ಯಾನ್ರಾನ್ ಕಂಪನಿ ಉತ್ತರ ಅಮೆರಿಕಕ್ಕೆ ತಂದಿತು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್ ತನ್ನ ಈಶಾನ್ಯ ಕಾರಿಡಾರಿನ ಮರ ಕಿತ್ತು ಕಾಂಕ್ರೀಟ್ ಹಾಸಿದ್ದು ಇದರಿಂದ. ಇದರ ಮುಂದಿನ ಗಾಲಿಗಳು ಹಳೆಯ ಹಾದಿಯ ಮೇಲೆ, ಹಿಂದಿನವು ಹೊಸ ಹಾದಿಯ ಮೇಲೆ. ನಡುವಿನ ಅಂತರದಲ್ಲಿ ಹಳೆಯ ಹಳಿ ಅಗಲವಾಗಿ ಬದಿಗೆ ಸರಿಯುತ್ತದೆ, ಹಳೆಯ ಸ್ಲೀಪರ್ ಮೇಲೇರುತ್ತದೆ, ಜಲ್ಲಿ ಮಟ್ಟವಾಗುತ್ತದೆ, ಹೊಸ ಸ್ಲೀಪರ್ ಅಳತೆಯ ಅಂತರದಲ್ಲಿ ಇಳಿಯುತ್ತದೆ, ಹೊಸ ಹಳಿ ಅದರ ಮೇಲೆ ಕೂರುತ್ತದೆ. ಯಾವ ಸ್ಲೀಪರ್ ಕೆಟ್ಟಿದೆ ಎಂದು ಈ ಯಂತ್ರ ಕೇಳುವುದೇ ಇಲ್ಲ.

ಇದೇ ವಂಶದ ಪಿ811-ಎಸ್ ಭಾರತದಲ್ಲಿ ಟಿಆರ್‌ಟಿ ಎಂಬ ಹೆಸರಿನಲ್ಲಿ ಓಡುತ್ತಿದೆ. ಅದಕ್ಕೂ ಹಿಂದೆ ಬಂದದ್ದು ಪಿಕ್ಯೂಆರ್‌ಎಸ್ ಎಂಬ ಪದ್ಧತಿ. ಹಾದಿಯ ಎರಡೂ ಬದಿಗೆ 3,400 ಮಿಲಿಮೀಟರ್ ಅಂತರದಲ್ಲಿ ತಾತ್ಕಾಲಿಕ ಹಳಿ ಹಾಕಿ, ಅದರ ಮೇಲೆ ಓಡುವ ಕ್ರೇನುಗಳು ಹಳೆಯ ಹಾದಿಯನ್ನು ಚೌಕಟ್ಟು ಚೌಕಟ್ಟಾಗಿ ಎತ್ತಿ ಹೊಸದನ್ನು ಇಳಿಸುತ್ತವೆ. ಭಾರತದಲ್ಲಿ ಕೂಲಿ ಅಮೆರಿಕದಷ್ಟು ದುಬಾರಿ ಎಂದೂ ಆಗಿರಲಿಲ್ಲ, ಆದರೂ ಯಂತ್ರ ಬಂತು. ಕೂಲಿವಾದಿಗಳು ಉತ್ತರಿಸಬೇಕಾದ ಪ್ರಶ್ನೆ ಇದು. ಬ್ರಾಡ್‌ಗೇಜಿನ ಮರದ ಸ್ಲೀಪರನ್ನು ಗ್ಯಾಂಗ್‌ಮನ್‌ಗಳು ಹೆಗಲು ಕೊಟ್ಟು ಹೊರುತ್ತಿದ್ದರು. ಎರಕದ ಕಬ್ಬಿಣದ ಸಿಎಸ್‌ಟಿ-9 ಸ್ಲೀಪರನ್ನು ಬಿಡಿಭಾಗಗಳಾಗಿ ಒಯ್ಯುತ್ತಿದ್ದರು. ಕಾಂಕ್ರೀಟ್ ಸ್ಲೀಪರಿನ ತೂಕ 250 ಕಿಲೋ ದಾಟುತ್ತದೆ. ಹದಿನಾರು ನೂರರಷ್ಟನ್ನು ಒಂದು ಕಿಲೋಮೀಟರಿನಲ್ಲಿ ಹಾಸಬೇಕಾದಾಗ, ಎರಡು ರೈಲುಗಳ ನಡುವಿನ ಬಿಡುವಿನಲ್ಲಿ, ಎಷ್ಟೇ ಅಗ್ಗದ ಭುಜಗಳಿದ್ದರೂ ಸಾಲವು. ಹತ್ತೊಂಬತ್ತನೆಯ ಶತಮಾನದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದು ಮುಂದೆ ಮದರಾಸಿನ ಅರಣ್ಯಾಧಿಕಾರಿಯಾದ ಹ್ಯೂ ಕ್ಲೆಗಾರ್ನ್, ರೈಲ್ವೆಯ ಸ್ಲೀಪರ್ ಹಸಿವಿನ ಬಗ್ಗೆ ತನ್ನ 1861ರ ಪುಸ್ತಕದಲ್ಲಿ ಬರೆದಿದ್ದ. ಆ ಹಸಿವು ನಮ್ಮಲ್ಲಿ ನಿಂತದ್ದು ಕಾಂಕ್ರೀಟಿನಿಂದ. ಒಂದೊಂದೇ ಸ್ಲೀಪರ್ ಬದಲಿಸುವ ಪದ್ಧತಿ ಮುಖ್ಯ ಹಾದಿಗಳಿಂದ ಬಹುಮಟ್ಟಿಗೆ ಮರೆಯಾದದ್ದೂ ಅದರಿಂದಲೇ.

ಅಮೆರಿಕದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸ್ಲೀಪರ್‌ಗಳು ಇಂದಿಗೂ ಮರದವು. ವರ್ಷಕ್ಕೆ ಒಂದೂವರೆಯಿಂದ ಎರಡು ಕೋಟಿ ಹೊಸ ಮರಗಳು ಹಳಿಯ ಅಡಿ ಸೇರುತ್ತವೆ. ಬಹುಪಾಲು ಸೇರುವುದು ಬಣ್ಣದ ಗುರುತು ನೋಡಿಕೊಂಡು, ಒಂದೊಂದಾಗಿ.